ಹಿರುತ್‌ಳ ಹಿಂದೆ ಸಿಂಗಾಪುರದವರೆಗೆ

ಶನಿವಾರ ಸಂಜೆ ಲಾಲ್ ಸಾಬರು ಆರ್.ಟಿ. ನಗರದ ಅಕ್ಕನ ಮನೆಗೆ ಬಂದಾಗ ಅಕ್ಕ ಮೊದಲು ಮಾಡಿದ ಕೆಲಸ ಬಾಗಿಲು ಹಾಕಿ ಚಿಲಕ ಜಡಿದದ್ದು. "ಕಿಟಕಿ ಹತ್ರ ಹೋಗ್ಬೇಡ. ಮೇಲಿನವಳು ನಿನ್ನನ್ನ ಇನ್ನೂ ನೋಡಿಲ್ಲ, ಅದೇ ಒಳ್ಳೇದು," ಎಂದರು.

ಅಕ್ಕನ ಹೆಸರು ಫಖ್ರುನ್ನೀಸಾ. ಗಂಡ ತೀರಿಕೊಂಡ ಮೇಲೆ ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟು ಒಬ್ಬರೇ ಇದ್ದರು. ಈಗ ಮೇಲಿದ್ದವಳು ಹಿರುತ್, ಇಥಿಯೋಪಿಯಾದಿಂದ ಬಂದು ಹೆಬ್ಬಾಳದ ಕಡೆ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಓದುತ್ತಿದ್ದ ಹುಡುಗಿ. ಬಂದು ನಾಲ್ಕು ತಿಂಗಳಾಗಿತ್ತು. ಒಂದು ದಿನವೂ ಜೋರಾಗಿ ಮಾತಾಡಿದವಳಲ್ಲ, ಯಾರನ್ನೂ ಮನೆಗೆ ಕರೆತಂದವಳಲ್ಲ.

"ಮತ್ತೆ ಏನ್ ತೊಂದರೆ ಆಪಾ?" ಎಂದು ಲಾಲ್ ಸಾಬರು ಕೇಳಿದರು. ಅಕ್ಕ ತಮ್ಮ ಮಾತಾಡುತ್ತಿದ್ದದ್ದು ಮನೆಮಾತಾದ ದಖ್ನಿ ಉರ್ದುವಿನಲ್ಲೇ, ಅಕ್ಕನನ್ನು ಅವರು ಕರೆಯುತ್ತಿದ್ದದ್ದೂ ಆಪಾ ಎಂದೇ.

"ಪ್ರತೀ ಭಾನುವಾರ ಆರು ಗಂಟೆಗೆ ಹೋಗ್ತಾಳೆ. ಬರೋದು ಮಧ್ಯಾಹ್ನದ ಮೇಲೆ. ಶೂ ತುಂಬಾ ಮಣ್ಣು. ಎಲ್ಲಿಗಮ್ಮಾ ಅಂದ್ರೆ, ನಡೆಯೋಕೆ ಆಂಟಿ ಅಂತಾಳೆ. ಆರು ಏಳು ಗಂಟೆ ಹೊತ್ತು ಯಾರು ನಡೀತಾರೆ? ಎದುರುಮನೆ ಗೋದಾ ಅವರು ಅವಳನ್ನ ಜಾಲಹಳ್ಳಿ ಕಡೆ ನೋಡಿದ್ರಂತೆ. ಯಾವುದೋ ದೊಡ್ಡ ಕಾಂಪೌಂಡ್ ಪಕ್ಕ ನಿಂತ್ಕೊಂಡು ಪುಸ್ತಕದಲ್ಲಿ ಬರ್ಕೊಳ್ತಿದ್ಳಂತೆ."

ಫಖ್ರುನ್ನೀಸಾರ ಹೆದರಿಕೆಗೆ ಕಾರಣವಿತ್ತು. ಎರಡು ವರ್ಷದ ಹಿಂದೆ ಅದೇ ಕೋಣೆಯಲ್ಲಿದ್ದ ಬೇರೆ ದೇಶದ ಹುಡುಗನೊಬ್ಬ ವೀಸಾ ಮುಗಿದರೂ ಉಳಿದುಕೊಂಡಿದ್ದ. ಪೊಲೀಸರು ಬಂದರು. ಬಾಡಿಗೆಗೆ ಕೊಟ್ಟ ತಪ್ಪಿಗೆ ಆಕೆ ನಾಲ್ಕು ದಿನ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರಬೇಕಾಯಿತು. ಬೀದಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಆದರೆ ಆಕೆ ಹಾದುಹೋಗುವಾಗ ಗೇಟಿನ ಬಳಿ ನಿಂತವರ ಮಾತು ನಿಂತುಬಿಡುತ್ತಿತ್ತು. ಅದನ್ನು ಆಕೆ ಮರೆತಿರಲಿಲ್ಲ.

"ನಾಳೆ ಅವಳ ಹಿಂದೆ ಹೋಗು. ಎಲ್ಲಿಗೆ ಹೋಗ್ತಾಳೆ, ಯಾರನ್ನ ನೋಡ್ತಾಳೆ, ಅಷ್ಟು ತಿಳ್ಕೊಂಡ್ ಬಾ."

ಲಾಲ್ ಸಾಬರು ಸಿಟಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದು ನಿವೃತ್ತರಾಗಿ, ಟಿ. ದಾಸರಹಳ್ಳಿಯಲ್ಲಿ ಮಗನ ಜೊತೆ ಇದ್ದವರು. ಒಂದು ಹುಡುಗಿಯ ಹಿಂದೆ ಹೋಗುವುದು ಅವರಿಗೆ ಹಿಡಿಸಲಿಲ್ಲ. ಆದರೂ ಅಕ್ಕನಿಗೆ ಇಲ್ಲ ಎಂದು ಹೇಳಿ ಅಭ್ಯಾಸವಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಹಿರುತ್ ಮೆಟ್ಟಿಲಿಳಿದಳು. ಎತ್ತರದ ಹುಡುಗಿ, ಬೆನ್ನಿಗೆ ಚೀಲ, ಕೈಯಲ್ಲೊಂದು ನೋಟ್‌ಬುಕ್. ಐವತ್ತು ಹೆಜ್ಜೆ ಬಿಟ್ಟು ಲಾಲ್ ಸಾಬರು ಹಿಂದೆ ಹೊರಟರು. ಅವಳು ಹೆಬ್ಬಾಳದ ಫ್ಲೈಓವರ್ ಕೆಳಗೆ ಹಾದು, ರೈಲ್ವೆ ಹಳಿಯ ಆಚೆ ಕೊಡಿಗೇಹಳ್ಳಿ ಸೇರಿದಳು. ಅಲ್ಲಿ ಆಗತಾನೇ ಬಾಗಿಲು ತೆಗೆಯುತ್ತಿದ್ದ ಜೆರಾಕ್ಸ್ ಅಂಗಡಿಗೆ ಹೋಗಿ, ಅಂಗಡಿಯವನಿಗೆ ಏನೋ ತೋರಿಸಿ, ಒಂದು ಕವರ್ ಇಸಿದುಕೊಂಡಳು. ಕವರಿನಲ್ಲಿ ಏನಿದೆಯೋ ಲಾಲ್ ಸಾಬರಿಗೆ ಕಾಣಲಿಲ್ಲ. ಅಲ್ಲಿಯವರೆಗೆ ಅಕ್ಕನದು ಬರೀ ಭಯ ಎಂದುಕೊಂಡಿದ್ದವರಿಗೆ ಅಲ್ಲಿಂದ ಮುಂದೆ ತಾವೂ ಅನುಮಾನದಿಂದಲೇ ನೋಡುವಂತಾಯಿತು.

ನೋಡಿದಷ್ಟೂ ಅನುಮಾನ ಹೆಚ್ಚಿತು. ತಿಂಡ್ಲುವಿನಲ್ಲಿ ಅವಳು ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತಳು, ಮೂರು ಬಸ್ಸು ಬಂದರೂ ಹತ್ತಲಿಲ್ಲ. ಒಂದು ಗಲ್ಲಿಗೆ ಹೋಗಿ ಅದೇ ಗಲ್ಲಿಯಿಂದ ವಾಪಸು ಬಂದಳು. ಅರ್ಧ ಕಟ್ಟಿದ ಅಪಾರ್ಟ್‌ಮೆಂಟಿನ ಫೋಟೋ ತೆಗೆದಳು. ಅಲ್ಲಲ್ಲಿ ನಿಂತು ಗಡಿಯಾರ ನೋಡಿ ಬರೆದುಕೊಂಡಳು. ಯಾರನ್ನೋ ಕಾಯುತ್ತಿದ್ದಾಳೆ ಎಂದು ಲಾಲ್ ಸಾಬರಿಗೆ ಖಚಿತವಾಯಿತು. ವಿದ್ಯಾರಣ್ಯಪುರ ದಾಟುವಾಗ ಅವಳು ಹೆಜ್ಜೆ ಜೋರು ಮಾಡಿದಳು, ಇವರೂ ಜೋರು ಮಾಡಿದರು. ಮೂರು ಗಂಟೆ ನಡೆದು ಮೊಣಕಾಲು ನೋಯುತ್ತಿತ್ತು. ಅವಳಿಗೆ ತೀರಾ ಹತ್ತಿರವಾಗುತ್ತಿದ್ದೇನೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಹಿರುತ್‌ಗೆ ಮಾತ್ರ ಕೊಡಿಗೇಹಳ್ಳಿಯಲ್ಲೇ ಗೊತ್ತಾಗಿತ್ತು. ಬಿಳಿ ಟೋಪಿ, ಕಂದು ಸ್ವೆಟರ್, ಅದೇ ಮುದುಕ. ಗಲ್ಲಿಗೆ ಹೋಗಿ ತಿರುಗಿ ಬಂದದ್ದು, ಬಸ್ ಸ್ಟಾಪಿನಲ್ಲಿ ನಿಂತದ್ದು, ಎಲ್ಲವೂ ಅವನು ನಿಜವಾಗಿ ತನ್ನ ಹಿಂದೆಯೇ ಬರುತ್ತಿದ್ದಾನೋ ನೋಡಲೆಂದು. ವಿದ್ಯಾರಣ್ಯಪುರದ ಆಚೆಯ ಸಿಂಗಾಪುರ ಎಂಬ ಹಳ್ಳಿಯ ಹೊಸ ಲೇಔಟಿನಲ್ಲಿ ಜನ ಕಡಿಮೆಯಾದರು. ರಸ್ತೆ ಬದಿಯಲ್ಲಿ ಸೊಪ್ಪು ಮಾರುತ್ತಿದ್ದ ಒಬ್ಬ ಹೆಂಗಸನ್ನು ಕಂಡು ಅವಳು ನೇರ ಅಲ್ಲಿಗೆ ಹೋಗಿ ನಿಂತಳು.

"ಅಮ್ಮ, ಆ ಮನುಷ್ಯ. ಆರ್.ಟಿ. ನಗರದಿಂದ ನನ್ನ ಹಿಂದೆ ಬರ್ತಿದ್ದಾನೆ," ಎಂದಳು ತನಗೆ ಬರುವಷ್ಟು ಕನ್ನಡದಲ್ಲಿ.

ಸೊಪ್ಪಿನ ಮುನಿಕೃಷ್ಣಮ್ಮ ಎದ್ದು ನಿಂತು ಲಾಲ್ ಸಾಬರನ್ನು ಅಡ್ಡಗಟ್ಟಿದರು. "ಏನಪ್ಪಾ, ಈ ಮಗೀನ ಇಂದೆ ಯಾಕ್ ಬತ್ತಾ ಇದ್ದೀಯ? ವಯಸ್ಸಾಗಿರೋನು, ನಾಚ್ಕೆ ಆಗಲ್ವಾ?"

"ಇಲ್ಲಮ್ಮಾ, ನಾನು ಸುಮ್ನೆ..." ಎಂದರು ಲಾಲ್ ಸಾಬರು. ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಹಾಲಿನ ಬೂತಿನಿಂದ ಮೂವರು ಬಂದರು. ಒಬ್ಬ ಮೊಬೈಲ್ ಎತ್ತಿ ವಿಡಿಯೋ ಮಾಡತೊಡಗಿದ. ಇನ್ನೊಬ್ಬ ಸ್ವೆಟರಿನ ಕತ್ತು ಹಿಡಿದು, ಅವರ ಕೈಯಲ್ಲಿದ್ದ ಫೋನ್ ಕಿತ್ತುಕೊಂಡ.

"ಹೆಸರೇನ್ ಗುರು ನಿಂದು?"

"ಲಾಲ್ ಸಾಬ್."

ಹೆಸರು ಕೇಳಿದ ಮೇಲೆ ಗುಂಪು ಇನ್ನೊಂದು ಹೆಜ್ಜೆ ಹತ್ತಿರ ಬಂತು. ಬಸ್ಸಿನಲ್ಲಿ ಜೇಬುಗಳ್ಳರನ್ನು ಜನ ಹಿಡಿದದ್ದನ್ನು ಲಾಲ್ ಸಾಬರು ಎಷ್ಟೋ ಸಲ ನೋಡಿದ್ದರು. ಮೊದಲ ಏಟು ಬೀಳುವುದಕ್ಕೆ ಎಷ್ಟು ಹೊತ್ತು ಬೇಕೆಂದು ಅವರಿಗೆ ಗೊತ್ತಿತ್ತು. ಬೇರೆ ದಾರಿ ಕಾಣದೆ ಹಿರುತ್‌ಳ ಕಡೆ ತಿರುಗಿ ನಿಜ ಹೇಳಿದರು. "ನಾನು ನಿಮ್ಮ ಮನೆ ಓನರ್ ತಮ್ಮ ಕಣಮ್ಮಾ. ಫಖ್ರುನ್ನೀಸಾ ನನ್ನ ಅಕ್ಕ. ಅವರೇ ಕಳ್ಸಿದ್ದು."

ಹಿರುತ್ ನಂಬಲಿಲ್ಲ. ಮನೆ ಓನರ್ ಹೆಸರು ಯಾರನ್ನು ಕೇಳಿದರೂ ಗೊತ್ತಾಗುತ್ತದೆ. ತನ್ನ ಫೋನ್ ತೆಗೆದು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಫಖ್ರುನ್ನೀಸಾಗೆ ಕರೆಮಾಡಿದಳು.

"ಆಂಟಿ, ಇಲ್ಲಿ ಒಬ್ರು ಇದ್ದಾರೆ. ಲಾಲ್ ಸಾಬ್ ಅಂತ. ನಿಮ್ಮ ತಮ್ಮ ಅಂತಾರೆ. ನಿಜಾನಾ?"

ಹಿಂದಿನಿಂದ ಯಾರೋ, "ಮೊದ್ಲು ಪೊಲೀಸ್‌ನೋರ್ಗೆ ಫೋನ್ ಮಾಡ್ರೋ," ಎಂದದ್ದೂ ಫೋನಿನ ಆ ಕಡೆಗೆ ಕೇಳಿಸಿತು.

"ಯಾವ ಲಾಲ್ ಸಾಬ್?" ಎಂದರು ಫಖ್ರುನ್ನೀಸಾ. "ನಂಗ್ಯಾರೂ ಗೊತ್ತಿಲ್ಲಮ್ಮ. ನೀನು ಮನೆಗೆ ಬಂದ್ಬಿಡು." ಫೋನ್ ಇಟ್ಟರು.

ಲಾಲ್ ಸಾಬರ ಟೋಪಿ ಕೆಳಗೆ ಬಿದ್ದಿತ್ತು, ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಕತ್ತು ಹಿಡಿದಿದ್ದವನು ಇನ್ನೊಂದು ಕೈ ಎತ್ತಿದ.

ಅಷ್ಟರಲ್ಲಿ ಅವನು ಕಿತ್ತುಕೊಂಡಿದ್ದ ಫೋನ್ ಹೊಡೆದುಕೊಂಡಿತು. ಅವನು ಪರದೆ ನೋಡಿ, "ಆಪಾ ಅಂತ ಬರ್ತಿದೆ," ಎಂದ. ಹಿರುತ್ ಬಗ್ಗಿ ನೋಡಿದಳು. ಹೆಸರಿನ ಕೆಳಗಿದ್ದ ನಂಬರ್ ತಾನು ಈಗತಾನೇ ಕರೆಮಾಡಿದ್ದ ನಂಬರೇ. ಫೋನ್ ನಿಂತು ಮತ್ತೆ ಹೊಡೆದುಕೊಂಡಿತು. ಅವಳು ಫೋನನ್ನೂ ಮುದುಕನನ್ನೂ ಬದಲಿಸಿ ಬದಲಿಸಿ ನೋಡಿದಳು. ಅವಳಿಗೆ ಸಿಟ್ಟು ಬಂತು, ಆದರೆ ಆ ಸಿಟ್ಟು ಈ ಗುಂಪಿಗೆ ಒಪ್ಪಿಸುವಂಥದ್ದಲ್ಲ ಅನ್ನಿಸಿತು.

"ಬಿಡಿ," ಎಂದಳು. "ಇವರು ನಮ್ಮ ಮನೆಯವರೇ. ನಾನು ಗುರುತು ಹಿಡೀಲಿಲ್ಲ. ಸಾರಿ."

"ಈಗ್ ತಾನೇ ಗೊತ್ತಿಲ್ಲ ಅಂದ್ರಲ್ಲ?" ಎಂದ ವಿಡಿಯೋದವನು.

"ನಾನು ಹೇಳ್ತಿದ್ದೀನಲ್ಲ. ಬಿಡಿ."

ಕತ್ತು ಹಿಡಿದಿದ್ದವನು ಅರೆಮನಸ್ಸಿನಿಂದ ಫೋನ್ ವಾಪಸು ಕೊಟ್ಟ. ಗುಂಪು ಗೊಣಗುತ್ತಾ ಕರಗಿತು. ಮುನಿಕೃಷ್ಣಮ್ಮ ಮಾತ್ರ ಕದಲಲಿಲ್ಲ. "ನಿಂಗ್ ಎದ್ರಿಕೆ ಇದ್ರೆ ಯೋಳವ್ವ, ನಾನಿಲ್ಲೇ ಇವ್ನಿ," ಎಂದು ಲಾಲ್ ಸಾಬರನ್ನು ದುರುಗುಟ್ಟಿಕೊಂಡೇ ಕೂತರು. ಆದರೂ ಇಬ್ಬರಿಗೂ ಕೂರಲು ಒಂದು ಗೋಣಿ ಹಾಸಿದರು, ಕುಡಿಯಲು ನೀರು ಕೊಟ್ಟರು.

"ನಾನು ಏನ್ ಮಾಡ್ತಿದ್ದೀನಿ ಅಂದ್ಕೊಂಡ್ರಿ?" ಎಂದು ಹಿರುತ್ ಕೇಳಿದಳು.

ಅವಳೇ ನೋಟ್‌ಬುಕ್ ತೆರೆದು ಲಾಲ್ ಸಾಬರ ಮುಂದೆ ಹಿಡಿದಳು. ಒಂದೊಂದು ಭಾನುವಾರಕ್ಕೂ ಒಂದೊಂದು ಪುಟ: ದಾರಿಯ ಊರುಗಳ ಹೆಸರು, ಹೊತ್ತು, ಕೊನೆಯಲ್ಲಿ ಮನೆಗಳು ಮುಗಿದ ಜಾಗ. ಜೆರಾಕ್ಸ್ ಅಂಗಡಿಯ ಕವರಿನಲ್ಲಿದ್ದದ್ದು ಆ ದಿನದ ನಕ್ಷೆ. ಬೆಂಗಳೂರು ಎಲ್ಲಿಗೆ ಮುಗಿಯುತ್ತದೆ ಎಂದು ನೋಡಬೇಕು, ಅಷ್ಟೇ, ಎಂದಳು. ಬಂದ ಹೊಸತರಲ್ಲಿ ಕಾಲೇಜು, ಕೋಣೆ ಬಿಟ್ಟು ಏನೂ ಗೊತ್ತಿರಲಿಲ್ಲ. ಬಸ್ಸು ಹತ್ತಿದರೆ ಎಲ್ಲರೂ ತನ್ನನ್ನೇ ನೋಡುತ್ತಾರೆ. ನಡೆದರೆ ತಾನು ಊರನ್ನು ನೋಡಬಹುದು.

"ಅಕ್ಕನಿಗೆ ಇದನ್ನ ಹೇಳ್ಬಹುದಿತ್ತಲ್ಲಮ್ಮ?"

"ಹೇಳಿದೆ. ನಡೆಯೋಕೆ ಹೋಗ್ತೀನಿ ಅಂತ. ಅವರು ನಂಬಲಿಲ್ಲ."

ಲಾಲ್ ಸಾಬರು ಟೋಪಿಯ ಮಣ್ಣು ಕೊಡವಿದರು. ಏನಾದರೂ ಹೇಳಬೇಕೆನ್ನಿಸಿ, "ನಾನು ಕೆಲಸಕ್ಕೆ ಸೇರಿದಾಗ ಊರು ಕೊಡಿಗೇಹಳ್ಳಿಗೇ ಮುಗೀತಿತ್ತು. ಇಲ್ಲೆಲ್ಲಾ ರಾಗಿ ಹೊಲ," ಎಂದರು. ಹಿರುತ್ ಪೆನ್ನು ಎತ್ತಿದವಳು ಬರೆಯದೆ, "ನಿಜಾನಾ?" ಎಂದು ಮುನಿಕೃಷ್ಣಮ್ಮನನ್ನು ಕೇಳಿದಳು.

"ರಾಗಿ ಅಲ್ಲ, ದ್ರಾಕ್ಷಿ ತ್ವಾಟ," ಎಂದರು ಮುನಿಕೃಷ್ಣಮ್ಮ. ಹಿರುತ್ ದ್ರಾಕ್ಷಿ ಎಂದು ಬರೆದುಕೊಂಡಳು.

ಹೊರಡುವಾಗ ಅವಳು ಲಾಲ್ ಸಾಬರ ನಂಬರ್ ತೆಗೆದುಕೊಂಡಳು. "ನೀವು ಬಸ್ಸಲ್ಲಿ ಹೋಗಿ ಅಂಕಲ್. ನೀವು ಹತ್ತೋದನ್ನ ನಾನು ನೋಡ್ಬೇಕು," ಎಂದು ಬಸ್ಸು ತಿರುವು ದಾಟುವವರೆಗೂ ನಿಂತಿದ್ದಳು.

ಲಾಲ್ ಸಾಬರು ಅಕ್ಕನ ಮನೆಗೆ ಹೋಗದೆ ಯಶವಂತಪುರದಲ್ಲಿ ಇಳಿದು ನೇರ ದಾಸರಹಳ್ಳಿಗೆ ಹೋದರು. ನಾಲ್ಕು ದಿನ ಅಕ್ಕನ ಫೋನ್ ಎತ್ತಲಿಲ್ಲ. ಐದನೆಯ ದಿನ ಫಖ್ರುನ್ನೀಸಾ ತಾವೇ ಬಂದರು. ಬುರ್ಖಾ ತೆಗೆಯದೆ ಕುರ್ಚಿಯ ತುದಿಯಲ್ಲಿ ಕೂತರು.

"ಪೊಲೀಸ್ ಅಂತ ಕೇಳಿಸ್ತು. ನಿನ್ನನ್ನ ಹಿಡಿದಿದ್ದಾರೆ, ಇನ್ನು ನನ್ನನ್ನೂ ಕರೀತಾರೆ ಅನ್ನಿಸ್ತು. ಬಾಯಿಗೆ ಅದೇ ಬಂತು."

"ಅವರು ನನ್ನ ಕತ್ತು ಹಿಡಿದಿದ್ರು ಆಪಾ."

"ಗೊತ್ತಿರ್ಲಿಲ್ಲ."

"ಕೇಳ್ಬಹುದಿತ್ತು."

ಆಕೆ ಬುರ್ಖಾದ ತುದಿಯಿಂದ ಕಣ್ಣು ಒರೆಸಿಕೊಂಡರು. ಹಿರುತ್ ತಿಂಗಳ ಕೊನೆಗೆ ಕೋಣೆ ಬಿಡುತ್ತೇನೆ ಎಂದಿದ್ದಾಳೆ, ನೀನೊಂದು ಮಾತು ಹೇಳು ಎಂದರು. ಲಾಲ್ ಸಾಬರು ಆಗದು ಎಂಬಂತೆ ತಲೆಯಾಡಿಸಿದರು. "ನಾನ್ ಹೇಳಿದ್ರೆ ಅವಳು ಯಾಕ್ ನಂಬ್ತಾಳೆ?" ಆದರೂ ಅಕ್ಕನಿಗೆ ಚಹಾ ಮಾಡಿಸಿದರು, ಮೆಟ್ರೋ ಸ್ಟೇಷನ್ನಿನವರೆಗೆ ಬಿಟ್ಟು ಬಂದರು.

ಹಿರುತ್ ಸಹಕಾರನಗರದಲ್ಲಿ ಬೇರೆ ಕೋಣೆ ಹಿಡಿದಳು. ಅದಾಗಿ ಎರಡು ವಾರಕ್ಕೆ ಲಾಲ್ ಸಾಬರಿಗೆ ಅವಳ ಫೋನ್ ಬಂತು. ಹುಣಸಮಾರನಹಳ್ಳಿಯ ಕಡೆ ಹೋಗುತ್ತಿದ್ದೇನೆ, ಹಳೆಯ ಊರುಗಳು ಯಾವುವೆಂದು ಹೇಳಲು ಬರುತ್ತೀರಾ ಎಂದು ಕೇಳಿದಳು.

ಭಾನುವಾರ ಯಲಹಂಕದ ಬಸ್ ಸ್ಟಾಪಿನಲ್ಲಿ ಅವಳ ಜೊತೆ ಅಮ್ರೀನ್ ಎಂಬ ಸಹಪಾಠಿಯೂ ಇದ್ದಳು. ಒಬ್ಬಳೇ ಬಂದಿಲ್ಲ ಎಂಬುದನ್ನು ಲಾಲ್ ಸಾಬರು ಗಮನಿಸಿದರು, ಬೇಸರವಾಗಲಿಲ್ಲ. ಜೊತೆಗೆ ಹೆಜ್ಜೆ ಹಾಕಲು ಹೋದಾಗ ಹಿರುತ್ ನಿಂತಳು.

"ನೀವು ಮುಂದೆ ನಡೀರಿ ಅಂಕಲ್," ಎಂದಳು. "ಹಿಂದೆ ಬೇಡ."

ಅವರು ಸರಿ ಎಂದು ಮುಂದೆ ನಡೆದರು. ಹಿಂದಿನಿಂದ ಆ ಹುಡುಗಿಯರ ಮಾತು ಕೇಳುತ್ತಿತ್ತು, ಬೆನ್ನ ಮೇಲೆ ಅವರ ಕಣ್ಣಿದೆ ಎಂಬುದೂ ಗೊತ್ತಾಗುತ್ತಿತ್ತು. ಒಂದು ಹಳೆಯ ಬಾವಿಯ ಹತ್ತಿರ ನಿಂತು, ತಿರುಗದೆಯೇ, ಮೊದಲು ಬಸ್ಸು ಇಲ್ಲಿಯವರೆಗೆ ಬಂದು ವಾಪಸು ತಿರುಗುತ್ತಿತ್ತು ಎಂದು ಜೋರಾಗಿ ಹೇಳಿದರು.