ಗೀರು ಮುಟ್ಟದ ನೀರು

ನಿಂತಿದೆ, ಇನ್ನೂ ಅಲ್ಲೇ ನಿಂತಿದೆ ನೀರು, ಎರಡು ಗಾಜಿನ ಹಲಗೆಗಳ ನಡುವಿನ ಒಂದು ಮಿಲಿಮೀಟರ್ ಸಂದಿಯಲ್ಲಿ ತಟ್ಟೆಯಿಂದ ಮೇಲೆ ಹತ್ತಿ, ಹದಿನಾಲ್ಕೂವರೆ ಮಿಲಿಮೀಟರಿಗೆ ಬಂದು, ಸಾಕಪ್ಪಾ ಅಂತ ಕೂತುಬಿಟ್ಟಿದೆ, ದರಿದ್ರದ್ದು, ಹತ್ತು ನಿಮಿಷದಿಂದ ಮೇಷ್ಟರು ಕಣ್ಣು ಕೀಳದೆ ನೋಡುತ್ತಿದ್ದಾರೆ, ಹತ್ತಲಿ, ಇನ್ನೊಂದಿಷ್ಟು ಹತ್ತಲಿ, ಇಪ್ಪತ್ತೊಂಬತ್ತಕ್ಕೆ ಹೋಗಬೇಕು, ಪುಸ್ತಕದಲ್ಲಿ ಇಪ್ಪತ್ತೊಂಬತ್ತು ಅಂತಿದೆ, ಪುಸ್ತಕ ಬರೆದದ್ದು ತಾವೇ, ಹದಿನೇಳು ವರ್ಷದಿಂದ ಈ ಪ್ರಯೋಗಾಲಯದಲ್ಲಿ ಎಲ್ಲರೂ ಅದನ್ನೇ ಮುಂದಿಟ್ಟುಕೊಂಡು ಪ್ರಯೋಗ ಮಾಡುವುದು, ನೀಲಿ ರಟ್ಟು, ಬೆನ್ನ ಮೇಲೆ ತಮ್ಮ ಹೆಸರು, ಮುಂದಿನ ತಿಂಗಳು ನಿವೃತ್ತಿಯ ದಿನ ಅದನ್ನೇ ಹಾರದ ಜೊತೆ ತಟ್ಟೆಯಲ್ಲಿಟ್ಟು ಕೊಡುತ್ತಾರಂತೆ, ಪ್ರಿನ್ಸಿಪಾಲರು ಹೇಳಿದರು, ಇದು ನಿಮ್ಮ ಜೀವಮಾನದ ಸಾಧನೆ ಸರ್ — ನೀರಿಗೇನು ಗೊತ್ತು ಸಾಧನೆ, ನೀರು ನಿಂತಿದೆ. ಎದುರಿಗೆ ಸ್ಟೂಲಿನ ಮೇಲೆ ಹುಡುಗಿ ಕೂತಿದ್ದಾಳೆ, ಪ್ರಯೋಗಾಲಯದ ಅಟೆಂಡರನ ಮಗಳು, ಕೈ ಮಡಿಲಲ್ಲಿ, ಬೆನ್ನು ನೆಟ್ಟಗೆ, ಉತ್ತರದ ಹಾಳೆಯನ್ನು ಮೇಷ್ಟರ ಕಡೆಗೆ ತಿರುಗಿಸಿ ಇಟ್ಟಿದ್ದಾಳೆ, ಓದಲಿಕ್ಕೆ ಸುಲಭವಾಗಲಿ ಅಂತ, ಎಂಥ ವಿನಯ ನೋಡಿ, ಆ ಹಾಳೆಯ ಕೊನೆಗೆ ದುಂಡಗೆ ಬರೆದಿದ್ದಾಳೆ, ನೀರು ಏರಿದ ಎತ್ತರ ಹದಿನಾಲ್ಕೂವರೆ.

ಇದು ಅವಳ ಮೂರನೇ ಸಲ. ಮೊದಲ ಸಲ ಟೈಫಾಯ್ಡ್, ಪರೀಕ್ಷೆಗೇ ಬರಲಿಲ್ಲ, ಎರಡನೇ ಸಲ ಇದೇ ಪ್ರಯೋಗ, ಇದೇ ಹದಿನಾಲ್ಕೂವರೆ, ಐವತ್ತಕ್ಕೆ ಹನ್ನೊಂದು ಕೊಟ್ಟು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ನಿಷ್ಕಾಳಜಿ ಅಂತ ಬರೆದಿದ್ದರು, ಇಪ್ಪತ್ತು ಬಂದರೆ ಪಾಸು, ಈ ಸಲವೂ ಹೋದರೆ ಪದವಿಯೇ ಇಲ್ಲ, ಮೂರರ ಮೇಲೆ ನಾಲ್ಕನೇ ಅವಕಾಶ ಇಲ್ಲ, ನಿಯಮ ಅಂದರೆ ನಿಯಮ, ಊರಿಗೆ ನೀರು ಬಿಡುವ ಇಲಾಖೆಯಲ್ಲಿ ನೀರು ಪರೀಕ್ಷೆ ಮಾಡುವ ಕೆಲಸ ಸಿಕ್ಕಿದೆಯಂತೆ, ಅಂಕಪಟ್ಟಿ ತಂದ ದಿನ ಸೇರಿಸಿಕೊಳ್ಳುತ್ತಾರಂತೆ, ಅದನ್ನು ಅಟೆಂಡರನೇ ಹೇಳಿದ್ದು, ಬೆಳಿಗ್ಗೆ ಬೀಗ ತೆಗೆಯುತ್ತ, ಬೆನ್ನು ಬಗ್ಗಿಸಿಕೊಂಡೇ, ಸಾರ್, ಒಂಚೂರು ಹೊಟ್ಟೆಗೆ ಹಾಕ್ಕೊಳ್ಳಿ ಸಾರ್, ಒಬ್ಳೇ ಮಗಳು — ನೋಡೋಣ ಕಣಯ್ಯ, ಅವಳು ಬರೆದಷ್ಟಕ್ಕೆ ಕೊಡ್ತೀನಿ, ಕಿತ್ಕೊಳ್ಳಲ್ಲ, ಅಂದಿದ್ದರು, ಅಂದು ಒಳಗೆ ಬಂದು ಐದು ಚೀಟಿ ಹರಿದು, ಐದರಲ್ಲೂ ಇದೊಂದೇ ಪ್ರಯೋಗ ಬರೆದು, ಮಡಚಿ, ಡಬ್ಬಿಗೆ ಹಾಕಿ ಕುಲುಕಿದ್ದರು, ಪರೀಕ್ಷೆಗೆ ಇವಳೊಬ್ಬಳೇ, ಕೇಳುವವರ‍್ಯಾರು, ಯಾವುದನ್ನೆತ್ತಿದರೂ ಗಾಜಿನ ಹಲಗೆಯೇ, ಒಂದು ವರ್ಷದಲ್ಲಿ ಬುದ್ಧಿ ಬಂದಿದೆಯೋ ಇಲ್ಲವೋ ನೋಡೋಣ ಅಂತ, ಅದರಲ್ಲಿ ತಪ್ಪೇನಿದೆ, ಎತ್ತಮ್ಮ ಅಂದರು, ಎತ್ತಿದಳು, ಬಿಡಿಸಿ ಓದಿದಳು, ಡಬ್ಬಿಯಲ್ಲಿ ಉಳಿದ ನಾಲ್ಕನ್ನು ಒಮ್ಮೆ ನೋಡಿದಳು, ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅತ್ತಿದ್ದರೆ ಇನ್ನೂ ಚೆನ್ನಾಗಿತ್ತು, ಅತ್ತವರಿಗೆ ಮೇಷ್ಟರು ಯಾವತ್ತೂ ಇಪ್ಪತ್ತೆರಡಕ್ಕೆ ಕಡಿಮೆ ಕೊಟ್ಟವರಲ್ಲ.

ಇಪ್ಪತ್ತೊಂಬತ್ತು ಬಂದ್ರು ಕಣ್ರೋ, ಇಪ್ಪತ್ತೊಂಬತ್ತು ಬಂದ್ರು — ಕಾರಿಡಾರಿನಲ್ಲಿ ಹುಡುಗರು ಪಿಸುಗುಟ್ಟುತ್ತಿದ್ದ ಅಡ್ಡಹೆಸರು, ಕೇಳಿಸಿದರೂ ಕೇಳಿಸದವರ ಹಾಗೆ ನಡೆದುಬಿಡುತ್ತಿದ್ದರು, ಒಳಗೊಳಗೆ ಹಿಗ್ಗು, ಕಟ್ಟುನಿಟ್ಟಿನ ಮನುಷ್ಯ ಅಂತ ತಾನೇ ಇಟ್ಟಿರುವುದು, ಹದಿನೇಳು ವರ್ಷದಲ್ಲಿ ಎಷ್ಟು ಹುಡುಗರು, ಎಷ್ಟು ಹಾಳೆ, ಎಲ್ಲದರಲ್ಲೂ ಇಪ್ಪತ್ತೊಂಬತ್ತು, ಇಪ್ಪತ್ತೊಂಬತ್ತು ಪಾಯಿಂಟ್ ಎರಡು, ಜಾಣರಾದವರು ಇಪ್ಪತ್ತೆಂಟು ಪಾಯಿಂಟ್ ಒಂಬತ್ತು ಅಂತ ಬರೆಯುತ್ತಿದ್ದರು, ನಿಜ ಅನ್ನಿಸಲಿ ಅಂತ — ನಿಜ ಅನ್ನಿಸಲಿ ಅಂತ? ಥೂ, ಈಗ್ಯಾಕೆ ಬಂತು ಈ ಯೋಚನೆ, ಬೇಡ. ಮೊದಲ ವರ್ಷವೇ ಹೇಳಿದ್ದ ಅಟೆಂಡರ್, ನಲವತ್ತು ಹುಡುಗರ ಎದುರಿಗೆ, ಸಾರ್, ನೀರು ಅಷ್ಟು ಮೇಲಕ್ಕೆ ಬರಲ್ಲ ಸಾರ್, ಬೆಳಿಗ್ಗೆ ನಾನೇ ಇಟ್ಟು ನೋಡ್ದೆ, ಇವನು ನೋಡಿದನಂತೆ, ಇವನು, ನೀರಿಗೆ ಓದು ಬರಲ್ಲ ಕಣಯ್ಯ, ನಿನ್ ಹಾಗೇ, ಅಂದಿದ್ದರು, ನಲವತ್ತೂ ಜನ ಹೋ ಅಂತ ನಕ್ಕರು, ಅಟೆಂಡರನೂ ನಕ್ಕ, ಪಾಪ, ಎಲ್ಲರಿಗಿಂತ ಜೋರಾಗಿ ನಕ್ಕ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಗಾಜಿಗೆ ಜಿಡ್ಡು ಬಿಟ್ಟು ನೀರು ಹತ್ತಲ್ಲ ಅಂತೀಯಲ್ಲ, ಮೊದಲು ಸರಿಯಾಗಿ ತೊಳಿ. ತೊಳೆದ. ಸೋಪಿನಲ್ಲಿ ತೊಳೆದ, ಸೋಡಾದಲ್ಲಿ ತೊಳೆದ, ಹತ್ತಲಿಲ್ಲ, ಆಸಿಡ್ಡಿನಲ್ಲಿ ತೊಳಿ ಅಂದರು, ವರ್ಷಗಟ್ಟಲೆ ಆಸಿಡ್ಡಿನಲ್ಲಿ ತೊಳೆದ, ಬೆರಳ ತುದಿಗಳು ಬಿರಿದು ಬಿಳಿಚಿಕೊಂಡವು, ಒಂದು ಸಲ ಮೇಷ್ಟರ ಮನೆಗೆ ಪುಸ್ತಕದ ಕಟ್ಟು ತಂದುಕೊಟ್ಟಾಗ ಹೆಂಡತಿ ನೋಡಿ, ಅಯ್ಯೋ ಅವರ ಬೆರಳು ನೋಡಿದ್ರೇನ್ರೀ, ಅಂತ ಮುಲಾಮು ಕೊಟ್ಟು ಕಳಿಸಿದಳು, ಕೆಲಸ ಅಂದ್ಮೇಲೆ ಕೈ ನೆನೀಬೇಕಲ್ಲ ಅಂದಿದ್ದರು ಇವರು, ಗಾಜು ತೊಳೆಯುವಲ್ಲಿ ಉದಾಸೀನ ಅಂತ ಒಂದು ಮೆಮೊ ಕೂಡ ಕೊಟ್ಟಿದ್ದರು, ಆ ಮೆಮೊ ಅಡ್ಡ ಬಂದು ಬಡ್ತಿ ತಪ್ಪಿತು ಅವನಿಗೆ, ತಪ್ಪಲಿ ಬಿಡಿ, ಬಡ್ತಿ ಸಿಕ್ಕರೆ ಗಾಜು ತೊಳೆಯುವವರು ಯಾರು.

ಏನಮ್ಮ ಇದು, ಪುಸ್ತಕದಲ್ಲಿ ಎಷ್ಟಿದೆ, ನೀನು ಎಷ್ಟು ಬರೆದಿದೀಯ — ಹುಡುಗಿ ಎದ್ದು ನಿಂತಳು, ಕೊಳವೆ ಆದ್ರೆ ನೀರಿನ ಸುತ್ತಲೂ ಗಾಜಿರುತ್ತೆ ಸರ್, ಎಲ್ಲಾ ಕಡೆಯಿಂದ ಹಿಡಿದು ಎಳೆಯುತ್ತೆ, ಹಲಗೆ ಆದ್ರೆ ಎರಡೇ ಕಡೆ, ಎರಡೇ ಕಡೆ ಹಿಡಿದ್ರೆ ಅರ್ಧವೇ ಏರೋದು, ಪುಸ್ತಕದಲ್ಲಿ ಸಂದಿಯನ್ನ ಕೊಳವೆಯ ವ್ಯಾಸದ ಹಾಗೆ ತಗೊಂಡು ಎರಡರಿಂದ ಭಾಗಿಸಿಬಿಟ್ಟಿದಾರೆ ಸರ್. ಭಾಗಿಸಿಬಿಟ್ಟಿದಾರೆ! ಬೇರೆ ಯಾರೋ ಬರೆದ ಹಾಗೆ, ಎದುರಿಗೆ ಕೂತಿರುವವರ ಮಾನ ಉಳಿಸುವವಳ ಹಾಗೆ. ಅಂದ್ರೆ ಪುಸ್ತಕ ತಪ್ಪು ಅಂತೀಯ? ಪುಸ್ತಕ ಅಲ್ಲ ಸರ್, ಒಂದು ಸಾಲು. ಮೇಷ್ಟರು ಪೆನ್ನು ತೆಗೆದುಕೊಂಡು ರದ್ದಿ ಹಾಳೆಯ ಹಿಂದೆ ಲೆಕ್ಕ ಹಾಕುತ್ತಾರೆ, ಅವಳ ತಪ್ಪು ತೋರಿಸಲಿಕ್ಕೇ ಹಾಕುತ್ತಾರೆ, ನೀರಿನ ಮೇಲ್ಮೈ ಎಳೆತ ಎಪ್ಪತ್ತೆರಡು, ಎರಡು ಕಡೆಯ ಗಾಜಿಗೆ ಎರಡರಿಂದ ಗುಣಿಸಿ, ನೂರ ನಲವತ್ತನಾಲ್ಕು, ಕೆಳಗೆ ಗುರುತ್ವದ ಒಂಬತ್ತು ಪಾಯಿಂಟ್ ಎಂಟು, ಸಂದಿ ಒಂದೇ ಮಿಲಿಮೀಟರ್, ಹಾಗೇ ಬಿಡು, ಭಾಗಿಸಿದರೆ ಹದಿನಾಲ್ಕು ಪಾಯಿಂಟ್ ಏಳು. ಹದಿನಾಲ್ಕು ಪಾಯಿಂಟ್ ಏಳು. ಮತ್ತೊಮ್ಮೆ ಹಾಕಿದರು, ಅದೇ ಬಂತು, ಲೆಕ್ಕಕ್ಕೆ ಮುಲಾಜಿಲ್ಲ, ಆ ಸಂದಿಯನ್ನು ಅರ್ಧ ಮಾಡಿದರೆ ಮಾತ್ರ ಇಪ್ಪತ್ತೊಂಬತ್ತು, ಯಾಕೆ ಅರ್ಧ ಮಾಡಿದ್ದರು, ಹಿಂದಿನ ಪುಟದಲ್ಲಿ ಕೊಳವೆಯ ಪ್ರಯೋಗವಿತ್ತು, ಅದರ ಸಾಲನ್ನೇ ಇಲ್ಲಿಗೂ ಇಳಿಸಿದ್ದರು, ಅಚ್ಚಿನವನು ಬಾಗಿಲಲ್ಲಿ ಕಾಯುತ್ತಿದ್ದ, ಪ್ರಯೋಗವನ್ನು ಒಂದು ಸಲವೂ ಕೈಯಾರೆ ಮಾಡಿ ನೋಡಿರಲಿಲ್ಲ, ನೀರು ಮುಟ್ಟಿಯೇ ಇರಲಿಲ್ಲ, ಅಯ್ಯೋ ದೇವರೇ. ತಪ್ಪಾಯ್ತು ಅನ್ನು, ಜೋರಾಗಿ ಅನ್ನು, ಇವರಿಗೂ ಕೇಳಿಸಲಿ — ಮೇಷ್ಟರ ಅಪ್ಪ, ಬಾಗಿಲ ಹತ್ತಿರ, ಮನೆಗೆ ಬಂದಿದ್ದ ನೆಂಟರೆಲ್ಲ ಸಾಲಾಗಿ ಕೂತಿದ್ದಾರೆ, ಆಗ ಒಂಬತ್ತು ವರ್ಷ ಮೇಷ್ಟರಿಗೆ, ಮಗ್ಗಿಯಲ್ಲಿ ಒಂದು ಸಾಲು ಹಾರಿಸಿದ್ದಕ್ಕೆ ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತು ತಪ್ಪಾಯ್ತು, ತಪ್ಪಾಯ್ತು, ತಪ್ಪಾಯ್ತು, ಚಿಕ್ಕಮ್ಮ ಸೆರಗು ಬಾಯಿಗಿಟ್ಟು ನಕ್ಕಿದ್ದರು, ಅವತ್ತೇ ಕೊನೆ, ಆಮೇಲೆ ಈ ಬಾಯಿಂದ ಆ ಮಾತು ಬಂದಿಲ್ಲ.

ಕೂತ್ಕೋ ಅಂದರು. ಕೂತಳು. ಕಣ್ಣಿಗೆ ಏನಾದರೂ ಕೆಲಸ ಬೇಕಿತ್ತು, ಎತ್ತರ ಅಳೆಯುವ ಮೈಕ್ರೋಸ್ಕೋಪನ್ನು ಮೇಲೆ ತಿರುಗಿಸಿದರು, ನೀರು ದಾಟಿ, ಒಣ ಗಾಜು, ಇನ್ನೂ ಮೇಲೆ, ಒಣ ಗಾಜು, ಇಪ್ಪತ್ತೊಂಬತ್ತು ಬರಬೇಕಾದ ಜಾಗಕ್ಕೆ ಬಂದಾಗ ಏನೋ ಮಿನುಗಿತು — ಗೀರು, ಕೂದಲಿನಷ್ಟು ಸಣ್ಣದು, ಅಡ್ಡಕ್ಕೆ, ನೀಟಾಗಿ, ಅರದಿಂದ ಎಳೆದದ್ದು, ಸುಮ್ಮನೆ ನೋಡಿದರೆ ಕಾಣುವುದಿಲ್ಲ, ಗೊತ್ತಿರುವವನಿಗಷ್ಟೇ ಕಾಣಬೇಕು. ಬಾರಯ್ಯ ಇಲ್ಲಿ. ಬಂದ, ಒದ್ದೆ ಕೈ ಒರೆಸಿಕೊಳ್ಳುತ್ತ. ಯಾರು ಮಾಡಿದ್ದು ಇದು? ನಾನೇ ಸಾರ್. ಯಾವಾಗ? ಭಾಳ ವರ್ಷ ಆಯ್ತು ಸಾರ್, ನೀರು ಹತ್ತಲ್ಲ ಅಂತ ಹುಡುಗ್ರು ಬೈಸ್ಕೊಳ್ಳೋರು, ಆಮೇಲೆ ನನಗೂ ಬೈಗುಳ, ಎಲ್ಲಿಗೆ ಅಂತ ಬರೀಬೇಕು ಅಂತ ಗೊತ್ತಾಗ್ಲಿ ಅಂತ, ನಿಮ್ ಮಾತೂ ಉಳೀತದಲ್ಲ ಸಾರ್. ಅಂದರೆ ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಗೀರು ಅಳೆದರು, ನೀರನ್ನಲ್ಲ, ಇಪ್ಪತ್ತೊಂಬತ್ತು ಬಂದ್ರು ಕಣ್ರೋ, ಇಪ್ಪತ್ತೊಂಬತ್ತು ಬಂದ್ರು, ಕಿವಿ ಸುಡುತ್ತಿದೆ, ಮಗಳಿಗೆ ಮಾತ್ರ ಹೇಳಲಿಲ್ಲವೇನಯ್ಯ? ಹೇಳ್ದೆ ಸಾರ್, ಹೋದ ವರ್ಷವೂ ಹೇಳ್ದೆ, ನಿನ್ನೆ ರಾತ್ರಿ ಕೈ ಮುಗ್ದು ಹೇಳ್ದೆ, ಅವಳು ಕೇಳ್ಲಿಲ್ಲ. ಹುಡುಗಿ ತಲೆ ಎತ್ತಿದಳು, ಮೇಷ್ಟರನ್ನಲ್ಲ, ಅಪ್ಪನ ಕೈಯನ್ನು ನೋಡಿದಳು, ನಿಮ್ ಬೆರಳು ಸುಟ್ಟಿದ್ದು ಸುಳ್ಳು ಲೆಕ್ಕಕ್ಕಪ್ಪ, ಆ ಸುಳ್ಳನ್ನ ನಾನೂ ಹೇಗೆ ಬರೀಲಿ, ಅಂದಳು, ಕೂಗಿ ಅಲ್ಲ, ಮನೆಯಲ್ಲಿ ಮಾತಾಡುವ ಹಾಗೆ.

ಅಷ್ಟು ಸಾಕಾಯಿತು. ಅದೊಂದು ಮಾತು ಆಡದೆ ಇದ್ದಿದ್ದರೆ ಇಪ್ಪತ್ತು ಹಾಕುತ್ತಿದ್ದರೇನೋ, ಪೆನ್ನು ಎರಡರ ಕೊಂಕಿಗೆ ಬಾಗಿಯೂ ಇತ್ತು, ಯಾರಿಗೂ ತಿಳಿಯದ ಹಾಗೆ ಮುಂದಿನ ಅಚ್ಚಿನಲ್ಲಿ ಒಂದು ಸಾಲು ತಿದ್ದಿದ್ದರೆ ಮುಗಿಯುತ್ತಿತ್ತು, ಆದರೆ ಇವಳು ಪಾಸಾದರೆ ಈ ಹಾಳೆ ಸರಿ, ಹಾಳೆ ಸರಿಯಾದರೆ ಹದಿನೇಳು ವರ್ಷ ಏನು, ಹೋದ ವರ್ಷದ ಕೆಂಪು ಶಾಯಿ ಏನು, ಆ ಬೆರಳುಗಳು ಏನು, ಒಬ್ಬೊಬ್ಬರ ಮುಂದೆಯೂ ಹೋಗಿ ನಿಲ್ಲಬೇಕು ಮತ್ತೆ — ಇಲ್ಲ. ಒಂದು ಬರೆದರು, ಪಕ್ಕದಲ್ಲಿ ಒಂಬತ್ತು ಬರೆದರು. ಹತ್ತೊಂಬತ್ತು. ಹನ್ನೊಂದಲ್ಲ, ಸೊನ್ನೆಯಲ್ಲ, ಹತ್ತೊಂಬತ್ತು, ಯಾರು ನೋಡಿದರೂ ಮೇಷ್ಟರು ಕೈಲಾದಷ್ಟು ಕೊಟ್ಟಿದ್ದಾರೆ ಅನ್ನಬೇಕು, ಬೆಳಿಗ್ಗೆ ಕಿತ್ಕೊಳ್ಳಲ್ಲ ಅಂದಿದ್ದರಲ್ಲ. ಹುಡುಗಿ ತಲೆಕೆಳಗಾಗಿಯೇ ಓದಿಕೊಂಡಳು, ಬ್ಯಾಗು ತೆಗೆದುಕೊಂಡಳು, ಬರ್ತೀನಿ ಸರ್ ಅಂದಳು, ಹೊರಟೇಹೋದಳು. ಅಟೆಂಡರ್ ಅಲ್ಲೇ ನಿಂತಿದ್ದಾನೆ, ಎಷ್ಟು ಬಂತು ಸಾರ್, ಅವನಿಗೆ ಹಾಳೆ ಕಾಣುವುದಿಲ್ಲ, ಎಷ್ಟು ಬಂತು ಸಾರ್, ಮೇಷ್ಟರು ಲಕೋಟೆಗೆ ಹಾಳೆ ತೂರಿಸಿ, ಅಂಟು ಹಚ್ಚಿ, ಹೆಬ್ಬೆರಳಿನಿಂದ ಒತ್ತಿದರು, ಒಂದು ಕಡಿಮೆಯಾಯ್ತು ಕಣಯ್ಯ, ಒಂದೇ ಒಂದು, ನೀನು ಗಾಜು ಸರಿಯಾಗಿ ತೊಳೆದಿದ್ರೆ ಹುಡುಗಿ ಪಾಸಾಗ್ತಿತ್ತು.

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ಒಳಗೆ ಹೋದ, ಕಪಾಟಿನ ಬಾಗಿಲು ಕಿರುಗುಟ್ಟಿತು, ಆಸಿಡ್ಡಿನ ಬಾಟಲಿಯ ಸದ್ದು, ನಲ್ಲಿಯ ಸದ್ದು, ತೊಳೆಯುತ್ತಾನಂತೆ, ಈಗ, ಎಲ್ಲ ಮುಗಿದ ಮೇಲೆ, ಗಾಜು ತಗೊಂಡು ಹೋಗ್ಲಾ ಸಾರ್, ಇರು, ಇರಯ್ಯ ಒಂದು ನಿಮಿಷ, ಮೇಷ್ಟರ ಕಣ್ಣು ಮತ್ತೆ ಸಂದಿಯಲ್ಲಿ, ಏರಬಹುದು, ಈಗ ಏರಬಹುದು, ಕೆಳಗೆ ಹದಿನಾಲ್ಕೂವರೆಗೆ ನೀರು, ಮೇಲೆ ಇಪ್ಪತ್ತೊಂಬತ್ತಕ್ಕೆ ಗೀರು, ನಡುವೆ ಒಣ ಗಾಜು, ಇನ್ನೊಂದು ನಿಮಿಷ ಇರು, ಕೆಳಗೆ ನೀರು, ಮೇಲೆ ಗೀರು, ನಡುವೆ ಒಣ ಗಾಜು, ಒಣ ಗಾಜು, ನೀರು ನಿಂತಿದೆ.