ತೋಟದ ನಡುವೆ ಯಾರ ಗಡಿ

ಇಸಾಲೆ ಗಿಡವನ್ನು ಎಲ್ಲರೂ ಗಡಿಗೆಂದು ತೋಟದ ಅಂಚಿನಲ್ಲಿ ನೆಡುತ್ತಾರೆ. ಎಲಿನೀಮಾಳ ಮನೆಯ ತೋಟದಲ್ಲಿ ಮಾತ್ರ ಅದರ ಸಾಲು ನಟ್ಟನಡುವೆ, ಇಳಿಜಾರಿಗೆ ಅಡ್ಡಲಾಗಿ ನಿಂತಿತ್ತು. ಕಿಲಿಮಂಜಾರೋದ ಈ ಮಗ್ಗುಲಲ್ಲಿ ಕಾಡು ಕಡಿದು ಬಾಳೆ ಹಾಕಿದವನು ಅಜ್ಜ ಮೆನಾ. ಬಾಳೆಯ ನೆರಳಲ್ಲಿ ಕಾಫಿ ಎಬ್ಬಿಸಿದವನು ಅಪ್ಪ. ಈ ಸಾಲು ಏಕೆಂದು ಅವಳು ಚಿಕ್ಕಂದಿನಲ್ಲಿ ಕೇಳಿದಾಗಲೆಲ್ಲ ಅಪ್ಪ "ಗಡಿ" ಎನ್ನುತ್ತಿದ್ದ. ಯಾರ ಗಡಿ ಎಂದರೆ ಕೊಡಲಿ ಹುಡುಕಿಕೊಂಡು ಎದ್ದು ಹೋಗುತ್ತಿದ್ದ.

ಈಗ ತೋಟ ಮನೆಯ ಕಿರಿಮಗ, ಅವಳ ತಮ್ಮ ಅನಾಯೆಲಿಯದು. ಗುರುವಾರ ಸರ್ವೆಯವರು ಬರುವವರಿದ್ದರು. ಸಾಲನ್ನು ನೋಡಿದರೆ ಅವರು ಎರಡು ತೋಟವೆಂದು ಬರೆಯುತ್ತಾರೆ, ಕೆಳಗಿನ ಅರ್ಧ ಕೈತಪ್ಪುತ್ತದೆ ಎಂಬ ಭಯ ಅವನಿಗೆ. ಕೀಳಲು ಕರೆದ ಆಳುಗಳಲ್ಲಿ ಒಬ್ಬನೂ ಒಪ್ಪಲಿಲ್ಲ; ಗಡಿಯ ಇಸಾಲೆ ಕಿತ್ತವನಿಗೆ ಕೇಡೆಂಬ ನಂಬಿಕೆ.

"ಬೇಕಾದ್ರೆ ನಿಮ್ಮನೆ ಛಾವಣಿ ಕೀಳ್ತೀನಿ, ಇಸಾಲೆ ಮಾತ್ರ ಮುಟ್ಟಲ್ಲ" ಎಂದು ಒಬ್ಬ ನಕ್ಕು ಹೊರಟುಹೋದ.

ಕೊನೆಗೆ ಅನಾಯೆಲಿ ತಾನೇ ಮೂರು ಗಿಡ ಕಿತ್ತ. ನಾಲ್ಕನೆಯದಕ್ಕೆ ಕೈ ಏಳದೆ ಅಕ್ಕನ ಹತ್ತಿರ ಬಂದು ಕೂತ.

"ತಪ್ಪಾಯ್ತು ಅಂತ ಎಲೆ ಹಿಡ್ಕೊಂಡು ಹೋಗ್ಬೇಕು ಕಣೋ" ಎಂದಳು ಎಲಿನೀಮಾ.

"ಯಾರ ಹತ್ರ ಹೋಗ್ಲಿ ಅಕ್ಕ? ಗಡಿ ಯಾರದು ಅಂತ ಗೊತ್ತಿದ್ರೆ ತಾನೆ?"

ಅದೇ ಪ್ರಶ್ನೆ ಅವಳನ್ನೂ ಐವತ್ತು ವರ್ಷದಿಂದ ಕೊರೆಯುತ್ತಿತ್ತು. ಯಾರದೆಂದು ತಿಳಿದರೆ ಅಲ್ಲಿಂದಲೇ ಹೋಗೋಣವೆಂದು ಇಸಾಲೆಯ ಒಂದು ಎಲೆಯನ್ನು ಗಂಟು ಹಾಕಿಕೊಂಡು ಅವಳು ಕಾಲುವೆ ದಾಟಿದಳು. ಆಚೆ ಮನೆಯ ಐಕಾರುವಾ ಅಜ್ಜಿಗೆ ತೊಂಬತ್ತು. ಊರಿನ ಹಳೆಯ ಸಂಗತಿ ಗೊತ್ತಿದ್ದರೆ ಅವಳಿಗೇ.

ಅಜ್ಜಿ ಎಲೆಯನ್ನು ನೋಡಿ ಕೈ ಚಾಚಿದಳು. ಗಂಟು ಹಾಕಿದ ಇಸಾಲೆ ಮುಂದೆ ಬಂದರೆ ಕ್ಷಮಿಸುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ.

"ಸರಿಯಾದ ಮನೆಗೇ ಬಂದಿದೀಯ" ಎಂದು ಮಾತು ಮುಂದುವರಿಸಿದಳು.

"ನಮ್ಮತ್ತೆ ಗಂಡ ಸತ್ತಾಗ ಮೈದುನರು ಅವರನ್ನ ಹಸುಗೂಸಿನ ಸಮೇತ ಹೊರಗೆ ಹಾಕಿದ್ರು. ನಿಮ್ಮಜ್ಜ ಕೆಳಗಿನ ಅರ್ಧ ಕೊಟ್ಟ. ತನ್ನ ಮಕ್ಕಳೇ ನಾಳೆ ತಕರಾರು ತೆಗೀಬಾರ್ದು ಅಂತ ಸಾಲು ನೆಟ್ಟ. ಆ ಕೂಸೇ ನನ್ನ ಗಂಡ."

"ಮತ್ತೆ ನಮ್ಮ ಕೈಗೆ ಹೇಗೆ ಬಂತು ಅಜ್ಜಿ?"

"ನಿನ್ನ ತಮ್ಮ ಹುಟ್ಟಿದಾಗ ನಿಮ್ಮಮ್ಮ ಹಾಸಿಗೆ ಹಿಡಿದ್ಳು. ನಿನಗಾಗ ಮೂರು ವರ್ಷ. ಆಗ ನಮಗೆ ಈ ಕಡೆ ಜಮೀನಾಗಿತ್ತು. 'ಮಗುಗೆ ಹಲ್ಲು ಬರೋವರೆಗೂ ಕೆಳಗಿನ ಗೊನೆ ನೀವೇ ಕಡ್ಕೊಳ್ಳಿ' ಅಂದ್ರು ನಮ್ಮನೆಯವರು."

"ಅವನಿಗೀಗ ಹಲ್ಲು ಉದುರ್ತಿದೆ ಅಜ್ಜಿ."

ಮುದುಕಿ ಮೈ ಕುಲುಕಿಸಿ ನಕ್ಕಳು. "ಕೇಳೋಕೆ ನಮಗೆ ನಾಚ್ಕೆ, ಹೇಳೋಕೆ ನಿಮ್ಮಪ್ಪಂಗೆ ನಾಚ್ಕೆ. ವರ್ಷವರ್ಷ ಒಂದು ಗೊನೆ ತಂದು ಬಾಗಿಲಲ್ಲಿಟ್ಟು, ಮಾತಾಡ್ದೆ ಓಡ್ತಿದ್ದ. ಎಲೆ ತಗೊಂಡಿದೀನಿ, ಆಯ್ತು. ಎಲ್ಲಾ ನಿನ್ನ ತಮ್ಮ ತನ್ನ ಹೆಸರಿಗೇ ಬರೆಸ್ಕೊಳ್ಳಲಿ. ಗಿಡ ಮಾತ್ರ ಕೀಳೋದು ಬೇಡ."

ಅಜ್ಜಿ ಹೇಳಿದ್ದನ್ನೆಲ್ಲ ಕೇಳಿ ಅನಾಯೆಲಿ ನಿರಾಳವಾಗುತ್ತಾನೆಂದು ಎಲಿನೀಮಾ ಎಣಿಸಿದ್ದಳು. ಅವನು ಊಟ ಮಾಡಲಿಲ್ಲ. ಕತ್ತಲಾಗುವ ಮುಂಚೆ ಮೂರು ಗಿಡಗಳನ್ನೂ ಮತ್ತೆ ನೆಟ್ಟು, ಕಾಲುವೆಯಿಂದ ನೀರು ತಂದು ಹೊಯ್ದ.

ಗುರುವಾರ ಬೆಳಿಗ್ಗೆ ಅಜ್ಜಿಯ ಮನೆಗೆ ಹೋಗಿ, ಕೈಹಿಡಿದು ಕಾಲುವೆ ದಾಟಿಸಿ, ಬಾಳೆಯ ಬುಡದಲ್ಲಿ ಕುರ್ಚಿ ಹಾಕಿ ಕೂರಿಸಿದ. ಕುರ್ಚಿ ಇಳಿಜಾರಿಗೆ ವಾಲದಂತೆ ಒಂದು ಕಾಲಿಗೆ ಕಲ್ಲು ಕೊಟ್ಟ.

"ಇದು ಗಡಿಯೇನ್ರೀ?" ಎಂದ ಸರ್ವೆಯವನು.

"ಹೌದು. ಕೆಳಗಿನದು ಐಕಾರುವಾ ಅಜ್ಜಿ ಹೆಸರಿಗೆ ಬರ್ಕೊಳ್ಳಿ."

ಎಲಿನೀಮಾ ಅವನ ತೋಳು ಹಿಡಿದಳು. "ಬೇಡ ಅಂದ್ರಲ್ಲೋ ಅವರು."

"ಬೇಕು ಅಂದಿದ್ರೆ ಜಗಳ ಆಡ್ತಿದ್ದೆ ಅಕ್ಕ. ಬೇಡ ಅಂದ್ಬಿಟ್ರು, ಏನು ಮಾಡ್ಲಿ?"

ಅಜ್ಜಿ ಕೆಳಗಿನ ಕಾಫಿಯ ಕಡೆ ತಿರುಗಿದಳು.

"ಸರಿ, ಕೊಯ್ಯೋರು ಯಾರು?"

"ನಾನೇ ಅಜ್ಜಿ."

"ನೀನು ಬೇಡಪ್ಪ, ಹಸಿರು ಕಾಯಿನೂ ಸೇರಿಸಿ ಕೀಳ್ತೀಯ. ಕಾಲುವೆ ಆಚೆಯಿಂದ ನೋಡ್ತಾನೇ ಇದೀನಿ. ನಿಮ್ಮಕ್ಕನ್ನ ಕಳ್ಸು."