ಗಟ್ಟಿಯದೊಂದು ಬೇಡ, ಸಾದಾ ಎರಡು

ನಮ್ಮ ಮನೆಯವರು ಯಾವ ವಸ್ತು ಕೊಂಡರೂ ಎತ್ತು ಕೊಂಡ ಹಾಗೆಯೇ ಕೊಳ್ಳುತ್ತಾರೆ. ಸುತ್ತ ತಿರುಗಿ ನೋಡಬೇಕು, ಬೆನ್ನ ಮೇಲೆ ಕೈಯಾಡಿಸಬೇಕು, ಬೇಡವೆಂದು ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿ ಬರಬೇಕು. ಎರಡು ಸಾವಿರದ ಎಂಟರ ಡಿಸೆಂಬರಿನಲ್ಲಿ, ಬೈಲಹೊಂಗಲದ ಅನಿಕೇತನ ಕಂಪ್ಯೂಟರ್ ಅಂಗಡಿಯಲ್ಲಿ ನಿಂತು ಅವರು ಹಾಗೆ ನೋಡುತ್ತಿದ್ದದ್ದು ಅಂಗೈಯಷ್ಟಗಲದ ಒಂದು ಹಾರ್ಡ್ ಡಿಸ್ಕನ್ನು. ಹಲ್ಲು ಎಣಿಸುವುದೊಂದು ಬಾಕಿ ಉಳಿದಿತ್ತು.

ಅವರ ಹೆಸರು ನಿಂಗರಾಜ. ನಾನು ಉಮಾಶ್ರೀ. ನಾವು ಮದುವೆ ವಿಡಿಯೋ ಮಾಡುವವರು. ಶೂಟಿಂಗ್ ಅವರದು, ಕಂಪ್ಯೂಟರಿನ ಮುಂದೆ ಕುಳಿತು ಕತ್ತರಿಸಿ ಜೋಡಿಸುವ ಮಿಕ್ಸಿಂಗ್ ನನ್ನದು. ಎರಡರಲ್ಲಿ ಯಾವುದು ದೊಡ್ಡ ಕೆಲಸ ಎಂಬ ಜಗಳ ನಮ್ಮಲ್ಲಿ ಆರು ವರ್ಷಗಳಿಂದ ನಡೆದಿದೆ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಮುಗಿಯುವ ಲಕ್ಷಣವೂ ಇಲ್ಲ. ಆದರೆ ಆ ವರ್ಷ ಆದ ಅನಾಹುತಕ್ಕೆ ಇಬ್ಬರೂ ಸಮಪಾಲುದಾರರು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಏಪ್ರಿಲ್‌ನಲ್ಲಿ ಸಂಗೊಳ್ಳಿಯ ಬಸವಣ್ಣೆಪ್ಪನವರ ಮಗಳು ಸಪ್ನಾಳ ಮದುವೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು ದಾರದ ಸುರಗಿ ಸುತ್ತಿ ಅರಿಷಿಣ ಹಚ್ಚುವಾಗ ಬಸವಣ್ಣೆಪ್ಪನವರ ತಾಯಿ ಬಾಯವ್ವ ಸೋಬಾನೆ ಹಾಡಿದಳು. ಎಂಬತ್ತು ದಾಟಿದ ಮುದುಕಿ. ದವಡೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ಕಾಲು ತಾಸು ಹಾಡಿದಳು. ಅದನ್ನೆಲ್ಲ ಜೋಡಿಸಿ, ನಮೂನೆಗೆಂದು ಒಂದು ಸೀಡಿ ಬರೆದು ಬಸವಣ್ಣೆಪ್ಪನವರನ್ನು ಕರೆಸಿದೆ. ಅವರು ಸ್ವಲ್ಪ ಹೊತ್ತು ಕೇಳಿ ಕಿವಿ ಕೆಂಪು ಮಾಡಿಕೊಂಡರು.

“ಅವ್ವನ ಹಾಡ ತಗದಬಿಡ್ರಿ. ಅದರ ಮ್ಯಾಲ ಯಾವದರ ಸಿನಿಮಾ ಹಾಡ ಹಾಕ್ರಿ.”

ಯಾಕೆ ಎಂದು ನಾನು ಕೇಳಲಿಲ್ಲ. ಮದುವೆ ಹಂಗಾಮಿನಲ್ಲಿ ನಾನು ಧ್ವನಿ ಸಣ್ಣದು ಮಾಡಿ ಬರೀ ಚಿತ್ರ ನೋಡಿ ಜೋಡಿಸುವವಳು. ಯಾರು ಏನು ಹಾಡಿದರು ಎಂದು ಕೇಳಲು ಪುರಸೊತ್ತು ಎಲ್ಲಿ? ಹೂಂ ಎಂದೆ, ಆ ಸೀಡಿಯನ್ನು ಕೆಟ್ಟವುಗಳ ಡಬ್ಬಿಗೆ ಒಗೆದೆ.

ಎಂಟು ದಿನಕ್ಕೆ ಅಡ್ಡಮಳೆ ಬಂತು. ಕರೆಂಟು ಮೂರು ಸಲ ಹೋಗಿ ಮೂರು ಸಲ ಬಂತು, ಮೂರನೆಯ ಸಲಕ್ಕೆ ನಮ್ಮ ಕಂಪ್ಯೂಟರಿನ ಡಿಸ್ಕು ಕಟಕಟ ಎಂದು ಪ್ರಾಣ ಬಿಟ್ಟಿತು. ಕ್ಯಾಸೆಟ್ ಇರಬೇಕಲ್ಲ ಎನ್ನುತ್ತೀರಿ. ಕಂಪ್ಯೂಟರಿಗೆ ಹಾಕಿಕೊಂಡ ಮೇಲೆ ಅದೇ ಕ್ಯಾಸೆಟ್ಟನ್ನು ಮುಂದಿನ ಮದುವೆಗೆ ಒಯ್ಯುವುದು ನಮ್ಮ ಪದ್ಧತಿ. ಹಾಕಿ ನೋಡಿದರೆ, ಬಾಯವ್ವ ಹಾಡಿದ ಜಾಗದಲ್ಲಿ ಮುನವಳ್ಳಿಯ ಬೀಗರು ಸಾಲಾಗಿ ಕುಳಿತು ಹೋಳಿಗೆ ಉಣ್ಣುತ್ತಿದ್ದರು.

ಸುದ್ದಿ ಹೇಳಲು ಸಂಗೊಳ್ಳಿಗೆ ಹೋದೆ. ಬಾಯವ್ವ ನಕ್ಕಳು. “ಹೋದ್ರ ಹೋಗ್ಲಿ ಬಿಡ್ರಿ. ಹೊಳ್ಳಿ ಮದವಿ ಮಾಡೂಣು. ನಾ ಹೊಳ್ಳಿ ಹಾಡತೇನಿ, ನನ್ನ ಗಂಟಲೇನ ಸುಟ್ಟಿಲ್ಲ.”

ಆಷಾಢದಲ್ಲಿ ಬಾಯವ್ವ ತೀರಿಕೊಂಡಳು. ಹಿರಿಯಳ ಮಾತು ನಡೆಯಬೇಕೆಂದು ಶ್ರಾವಣದಲ್ಲಿ ಕ್ಯಾಮೆರಾದ ಮುಂದೆ ಮದುವೆಯಂತೂ ಮತ್ತೆ ಆಯಿತು. ಸಪ್ನಾ ಆಗ ನಾಲ್ಕು ತಿಂಗಳ ಬಸುರಿ, ಸೆರಗಿನಲ್ಲಿ ಹೊಟ್ಟೆ ಮುಚ್ಚಿಕೊಂಡು ನಾಚುತ್ತಾ ನಿಂತಳು. ಮದುಮಗ ಮೀಸೆ ಬೋಳಿಸಿದ್ದನಾದ್ದರಿಂದ ಕಾಡಿಗೆಯಲ್ಲಿ ಒಂದು ಮೀಸೆ ಬರೆದದ್ದಾಯಿತು. ಪಕ್ಕದ ಮನೆಯ ಶಟ್ಟೆವ್ವ ಇದು ನಟನೆ ಎಂಬುದನ್ನೇ ಮರೆತು ಎರಡನೆಯ ಸಲ ಕುಪ್ಪಸದ ಕಣ ಕೊಟ್ಟಳು, ಆಮೇಲೆ ಕೇಳಿ ವಾಪಸು ಇಸಿದುಕೊಂಡಳು. ಎಲ್ಲರೂ ನಕ್ಕೂ ನಕ್ಕೂ ಸಾಕಾದರು.

ಸುರಗಿಯ ಹೊತ್ತಿಗೆ ಮಾತ್ರ ಬಾಯವ್ವ ಕುಳಿತ ಜಾಗದಲ್ಲಿ ಯಾರೂ ಕುಳಿತುಕೊಳ್ಳಲಿಲ್ಲ. ಬಸವಣ್ಣೆಪ್ಪನವರು ಕ್ಯಾಮೆರಾದ ಹತ್ತಿರ ಬಂದರು.

“ಉಮವ್ವಾ, ಎಲ್ಲಾ ಹೊಳ್ಳಿ ತಗದ್ರಿ. ಅವ್ವನ ಧ್ವನಿ ಎಲ್ಲ್ಯರ ಒಂದೀಟ ಉಳದಿದ್ರ ನೋಡವ್ವಾ. ತಗೀರಿ ಅಂದಾಂವ ನಾನ. ನನ್ನ ಬಾಯಿಗೆ ಮಣ್ಣ ಬೀಳ್ಲಿ.”

ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಮನೆಗೆ ಬಂದವಳೇ ಕೆಟ್ಟ ಸೀಡಿಗಳ ಡಬ್ಬಿ ತೆಗೆದೆ. ಖಾಲಿ. ರದ್ದಿಯವನು ಒಯ್ದಿರಬೇಕು ಎಂದುಕೊಂಡೆ, ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಸಿಟ್ಟಿನವರ ಬುದ್ಧಿಯೇ ಹಾಗೆ, ಮೊದಲು ತೀರ್ಮಾನ, ಆಮೇಲೆ ವಿಚಾರಣೆ. ಬೇರೆ ಕಡೆ ಎತ್ತಿಡಲು ಒಂದು ಹಾರ್ಡ್ ಡಿಸ್ಕ್ ಬರುವತನಕ ಮುಂದಿನ ಹಂಗಾಮಿನ ಒಂದು ಮದುವೆಗೂ ಕೈ ಹಚ್ಚುವುದಿಲ್ಲ ಎಂದು ಗಂಡನಿಗೆ ಸಾರಿಬಿಟ್ಟೆ.

ಹೀಗೆ ನಾವು ಅನಿಕೇತನ ಅಂಗಡಿಗೆ ಬಂದದ್ದು. ಸಂತೆಗೆ ಹೊರಟಿದ್ದ ನಮ್ಮತ್ತೆ ಸಿದ್ದಲಿಂಗವ್ವನೂ ಕೈಚೀಲ ಹಿಡಿದು ಬೆನ್ನು ಹತ್ತಿದ್ದಳು. ಅನಿಕೇತ ಮೂರು ಡಿಸ್ಕು ಸಾಲಾಗಿ ಇಟ್ಟಿದ್ದ. ಒಂದು ಕನ್ನಡಿಯ ಹಾಗೆ ಮಿಂಚುವ ತೆಳ್ಳಗಿನದು. ಒಂದು ಕಪ್ಪು ಬಣ್ಣದ ಸಾದಾ. ಇನ್ನೊಂದು ಸುತ್ತ ರಬ್ಬರಿನ ಕವಚ ತೊಟ್ಟ ದಪ್ಪನೆಯದು. ನಮ್ಮವರ ಕಣ್ಣು ರಬ್ಬರಿನದರ ಮೇಲೆಯೇ.

“ಇದು ಬಿದ್ದರೂ ಏನೂ ಆಗೂದಿಲ್ಲೇನ?”

“ಟೇಬಲ್ ಮ್ಯಾಲಿಂದ ಬಿದ್ರ ತಡಕೋತದ, ನಿಂಗರಾಜಣ್ಣ.”

“ಒಮ್ಮೆ ಬೀಳಿಸಿ ತೋರಿಸು ಮತ್ತ.”

“ಬೀಳಿಸಿದ ಮ್ಯಾಲ ಅದು ನಿಮ್ದ. ಒಪ್ಪಿಗಿ ಅದನೋ?” ಎಂದ ಅನಿಕೇತ. ನಮ್ಮವರು ಅದನ್ನು ಮೆಲ್ಲಗೆ ಕೆಳಗಿಟ್ಟರು.

ಅತ್ತೆ ಅಷ್ಟರಲ್ಲಿ ಸಾದಾ ಡಿಸ್ಕನ್ನು ಕೈಗೆತ್ತಿಕೊಂಡು, ಗಡಿಗೆ ಬಾರಿಸಿ ನೋಡುವಂತೆ ಬೆರಳ ಗೆಣ್ಣಿನಿಂದ ಎರಡು ಬಾರಿಸಿದಳು. “ಬಿರುಕಿಲ್ಲ. ಇದರಾಗ ಏನ ಇಡತೀರಿ?”

“ಮದವಿ, ಆಯಿ. ಎಪ್ಪತ್ತು ಎಂಬತ್ತ ಮದವಿ ಹಿಡಿತಾವ.”

“ಇಷ್ಟರಾಗ ಎಂಬತ್ತ ಮದವಿ? ಬೀಗರ ಜಗಳ ಹತ್ತೂದಿಲ್ಲೇನ?”

ಅನಿಕೇತ ಮನಸಾರೆ ನಕ್ಕ. ಆಮೇಲೆ ನನ್ನ ಕಡೆ ತಿರುಗಿ, “ವೈನಿ, ಖರೇ ಹೇಳತೀನ್ರಿ. ರಬ್ಬರ ಇರಲಿ, ಕಬ್ಬಿಣ ಇರಲಿ, ಒಳಗ ತಿರುಗೂ ತಟ್ಟಿ ಅದ, ಒಂದಲ್ಲಾ ಒಂದ ದಿನಾ ನಿಲ್ಲೂದ,” ಎಂದ.

“ಹಂಗಾದ್ರ ಗಟ್ಟಿದು ಅಂತ ಯಾಕ ಮಾರತಿ?” ನಮ್ಮವರಿಗೆ ಸಿಟ್ಟು ಬಂತು. ಸಿಟ್ಟು ನನ್ನ ಇಲಾಖೆ ಎಂದು ನಾನು ಅವರ ತೋಳು ಜಗ್ಗಿದೆ.

ಅತ್ತೆ ಡಿಸ್ಕು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. “ಇದರಾಗ ಸಿಟ್ಟಾಗೂದೇನೈತಿ? ನಮ್ಮತ್ತಿ ಬಿಳಿಜ್ವಾಳದ ಬೀಜ ಎಂದೂ ಒಂದ ಮನ್ಯಾಗ ಇಡತಿರಲಿಲ್ಲ. ಅರ್ಧ ನಮ್ಮ ನೆಲದಾಗಿನ ಹಗೇದಾಗ, ಅರ್ಧ ಉಗರಗೋಳದಾಗ ಮಗಳ ಮನ್ಯಾಗ. ಒಂದ ವರ್ಷ ಮಳಿ ಹೊಡದು ಹಗೇದಾಗ ನೀರ ಹೊಕ್ಕು ನಮ್ಮ ಬೀಜೆಲ್ಲಾ ಕೊಳತು ನಾರಿದುವು. ಉಗರಗೋಳದಿಂದ ತಂದು ಬಿತ್ತಿದಿವಿ. ಹಗೇವು ಎಷ್ಟ ಗಟ್ಟಿ ಇದ್ರ ಏನ ಬಂತು? ತಮ್ಮಾ, ಗಟ್ಟಿದೊಂದ ಬ್ಯಾಡ, ಸಾದಾ ಎರಡ ಕೊಡು.”

ಅನಿಕೇತ ಕೈ ಮುಗಿದ. “ಆಯಿ, ಇದನ್ನ ನಾ ನನ್ನ ಕಂಪ್ಯೂಟರ್ ಕ್ಲಾಸಿನ ಹುಡುಗರಿಗೆ ಮೂರ ದಿನಾ ಹೇಳತೀನ್ರಿ. ಆದರೂ ತಿಳಿಯೂದಿಲ್ಲ.”

ನಮ್ಮವರು ಪದ್ಧತಿಯಂತೆ ಬಾಗಿಲತನಕ ಹೋಗಿ ತಿರುಗಿ ಬಂದರು. ಸಾದಾ ಎರಡು ಎಂದು ಗಟ್ಟಿಯಾಯಿತು. ಅನಿಕೇತ ಕಟ್ಟಿ ಕೊಡುವಾಗ ಡಬ್ಬಿಯೊಳಗಿನ ಒಂದು ಸೀಡಿಯನ್ನು ತೆಗೆದು ತೋರಿಸಿದ. “ಇದು ಪುಕಟ ಬರತದ, ನಿಮಗ ಬೇಕಾಗೂದಿಲ್ಲ.” ಅತ್ತೆ ಚಟ್ಟನೆ ಕೈ ಚಾಚಿದಳು.

“ನನಗ ಕೊಡು. ಹೊಲಕ್ಕ ಒಂದ ಕಡಿಮಿ ಬಿದ್ದೈತಿ. ಉಮಾ ಒಗದಾವು ಹನ್ನೆರಡ ಕಟ್ಟೇನಿ, ಬಿಸಲಿಗೆ ಝಗ್ ಅಂತಾವ, ಒಂದ ಗಿಣಿ ಹತ್ರ ಹಾಯೂದಿಲ್ಲ.”

ನಾನು ಆ ಕೈ ಹಿಡಿದುಕೊಂಡೆ. “ಅತ್ತೀ, ಒಗದಾವು ಅಂದ್ರ ಯಾವು?”

“ಕೆಟ್ಟಾವು ಅಂತ ಡಬ್ಬ್ಯಾಗ ಒಗಿತಿದ್ದಿಲ್ಲಾ, ಅವ. ಬ್ಯಾಸಿಗ್ಯಾಗ ತಗದು ಟ್ರಂಕಿನ್ಯಾಗ ಇಟ್ಟಿದ್ದೆ. ತೆನಿ ಹಾಲ ಹಿಡದ ಮ್ಯಾಲ, ಮೊನ್ನಿ ಸೋಮಾರ ಕಟ್ಟೇನಿ. ಯಾಕ, ಏನಾತು?”

ಬಾಯವ್ವನ ಸೀಡಿ ಅದರಲ್ಲೇ ಇರಬೇಕು ಎಂದು ಗಂಡನನ್ನು ಬಾಗಿಲಿಗೆ ಎಳೆದೆ. ಮೂವರೂ ಒಂದೇ ಮೋಟರ್ ಸೈಕಲ್ಲಿನ ಮೇಲೆ, ನಡುವೆ ನಾನು ಎರಡು ಡಿಸ್ಕನ್ನು ಎದೆಗವಚಿಕೊಂಡು, ಹಿಂದೆ ಅತ್ತೆ ಸಂತೆ ತಪ್ಪಿತೆಂದು ಗೊಣಗುತ್ತಾ, ಸಂಗೊಳ್ಳಿ ರಸ್ತೆಯ ನಮ್ಮ ಹೊಲಕ್ಕೆ ಹೋದೆವು.

ಆಳೆತ್ತರದ ಜೋಳ. ನಾಲ್ಕು ಬದುವಿಗೂ ಕೋಲು ನೆಟ್ಟು, ಹಗ್ಗ ಕಟ್ಟಿ, ಹನ್ನೆರಡು ಸೀಡಿಗಳು ಗಾಳಿಗೆ ಗಿರಗಿರ ತಿರುಗುತ್ತಿದ್ದವು. ನಾವು ಒಂದೊಂದು ಬಿಚ್ಚಿದಂತೆ ಬೇವಿನ ಮರದಲ್ಲಿ ಕಾದು ಕುಳಿತಿದ್ದ ಗಿಣಿಗಳು ಆ ಮೂಲೆಗೆ ಇಳಿದವು. ಅತ್ತೆ ಕವಣೆ ಬೀಸುತ್ತಾ, ಗಿಣಿಗಳಿಗೂ ನನಗೂ ಸೇರಿಸಿ ಬೈಯುತ್ತಾ ಓಡಾಡಿದಳು. ಬಿಸಿಲಿಗೂ ಮಂಜಿಗೂ ಮೇಲಿನ ಅಕ್ಷರ ಅಳಿಸಿಹೋಗಿತ್ತು. ಯಾವುದರಲ್ಲಿ ಏನಿದೆ ಎಂದು ದೇವರಿಗೇ ಗೊತ್ತು.

ಬಜಾರಕ್ಕೆ ಮುಖ ಮಾಡಿದ ನಮ್ಮ ಮನೆಯ ಸ್ಟುಡಿಯೋಕ್ಕೆ ಬಂದು ಸೆರಗಿನಿಂದ ಒರೆಸಿ ಒರೆಸಿ ಒಂದೊಂದೇ ಹಾಕಿದೆ. ಮೊದಲಿನ ಐದು ಖಾಲಿ. ಆರನೆಯದರಲ್ಲಿ ರಾಮದುರ್ಗದ ಒಂದು ತೊಟ್ಟಿಲು ಕಾರ್ಯ. ಏಳು, ಎಂಟು ಓದಲೇ ಇಲ್ಲ. ಒಂಬತ್ತನೆಯದು ತುಸು ಹೊತ್ತು ಗುಂಯ್ಗುಟ್ಟಿ ತೆರೆಯಿತು. ಅರಿಷಿಣದ ತಟ್ಟೆ, ಸುರಗಿಯ ದಾರ, ಆಮೇಲೆ ದವಡೆ ಉಬ್ಬಿಸಿಕೊಂಡ ಬಾಯವ್ವ.

ನಾನು ಅತ್ತುಬಿಟ್ಟೆ. ನಮ್ಮವರು ಸಂಗೊಳ್ಳಿಗೆ ಫೋನು ಮಾಡಿದರು.

ಬಸವಣ್ಣೆಪ್ಪನವರು ತಲೆಗೆ ರುಮಾಲು ಕೂಡ ಸುತ್ತದೆ ಓಡಿಬಂದರು. “ಹಚ್ಚವ್ವಾ, ಲಗೂನ ಹಚ್ಚು,” ಎಂದು ನಿಂತೇ ಇದ್ದರು. ನಾನು ಹಚ್ಚಲಿಲ್ಲ. ಮೊದಲು ಒಂದು ಡಿಸ್ಕಿಗೆ ಹಾಕಿದೆ, ಆಮೇಲೆ ಇನ್ನೊಂದಕ್ಕೆ. ಸೀಡಿ ಅಲ್ಲಲ್ಲಿ ತಡೆದು ತಡೆದು ಓದುತ್ತಿತ್ತು, ಎರಡೂ ಮುಗಿಯಲು ಅರ್ಧ ತಾಸು ಹಿಡಿಯಿತು. ಅಷ್ಟು ಹೊತ್ತೂ ಅವರು ಕುರ್ಚಿಯ ಬೆನ್ನು ಹಿಡಿದು ಪರದೆಯನ್ನೇ ನೋಡುತ್ತಿದ್ದರು.

ಆಮೇಲೆ, ಮೊದಲ ಸಲ, ಧ್ವನಿ ದೊಡ್ಡದು ಮಾಡಿ ಹಚ್ಚಿದೆ. ನಡುನಡುವೆ ತಡವರಿಸುತ್ತಿತ್ತು, ಆದರೆ ಬಾಯವ್ವನ ಧ್ವನಿ ಗಂಟೆಯಂತೆ ಇತ್ತು. ಸಪ್ನಾಳ ಜಡೆ ಹಾಡಿದಳು, ಅಳಿಯನ ಮೀಸೆ ಹಾಡಿದಳು. ಆಮೇಲೆ ತುಸು ನಿಂತು, ಬಾಗಿಲ ಕಡೆ ನೋಡಿ ತುಂಟನಗೆ ನಕ್ಕು ಹಾಡಿದಳು:

“ಮಂದ್ಯಾಗ ನಿಂತಾಗ ಮೀಸಿ ತಿರುವುವನ್ಯಾರ
ಗ್ವಾದಲಿ ಹಿಂದ ಅಳುವನ್ಯಾರ | ನನಮಗ
ಬಸವಣ್ಣೆಪ್ಪ ಅವನ ಹೆಸರ”

ಪರದೆಯೊಳಗಿನ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಇಲ್ಲಿ ನಾವು ಮೂವರೂ ಬಸವಣ್ಣೆಪ್ಪನವರ ಮುಖ ನೋಡಿದೆವು. ಅವರು ತುಟಿ ಕಚ್ಚಿ ಹಿಡಿದಿದ್ದರು.

“ಇದಕ್ಕ ನೋಡ್ರಿ ತಗೀರಿ ಅಂದಿದ್ದೆ,” ಎಂದರು. “ಮಗಳ ಹೋಗತಾಳಂತ ಎತ್ತಿಗೆ ಮೇವ ಹಾಕೂ ಗ್ವಾದಲಿ ಹಿಂದ ನಿಂತು ಅತ್ತಿದ್ದೆ. ಅವ್ವ ನೋಡಿಬಿಟ್ಟಿದ್ಲು. ಬೀಗರು ನೋಡಿ ನಗತಾರಂತ ನಾಚಿಕಿ ಆತು.” ಅಷ್ಟು ಹೇಳುವಷ್ಟರಲ್ಲಿ ಅವರ ಕಣ್ಣಿನಿಂದ ನೀರಿಳಿಯತೊಡಗಿ, ಅವರು ಬಾಗಿಲ ಕಡೆ ಹೊರಟರು.

“ಎಲ್ಲಿ ಹೊಂಟಿ ಬಸವಣ್ಣೆಪ್ಪಾ?” ನಮ್ಮತ್ತೆ ಕೇಳಿದಳು. “ಇಲ್ಲಿ ಗ್ವಾದಲಿ ಇಲ್ಲ. ಕುಂತು ಅಳಪಾ, ನಿಮ್ಮವ್ವಗೂ ಕಾಣ್ಲಿ.”

ಅವರು ತಿರುಗಿ ಬಂದು ಕುಳಿತರು. ಅಳುತ್ತಲೇ ನಕ್ಕರು, ನಗುತ್ತಲೇ ಎರಡನೆಯ ಡಿಸ್ಕನ್ನು ಎತ್ತಿ ಅಂಗಿಯ ಕಿಸೆಗೆ ಹಾಕಿಕೊಂಡರು. “ಇದು ಸಂಗೊಳ್ಳ್ಯಾಗ ನಮ್ಮ ಮನ್ಯಾಗ ಇರತೈತಿ. ನಿಮ್ಮ ಮದವಿ ಎಷ್ಟ ಇದ್ರೂ ತುಂಬ್ರಿ, ಬ್ಯಾಡನ್ನೂದಿಲ್ಲ. ಅವ್ವನ್ನಷ್ಟ ಅಳಸಬ್ಯಾಡ್ರಿ.”

“ಕಾಕಾರ, ಮತ್ತ ಸಿನಿಮಾ ಹಾಡು?” ಎಂದೆ ನಾನು. ನನ್ನ ಬಾಯಿ ಸುಮ್ಮನಿರುವುದು ಯಾವಾಗ?

“ಹೊಳ್ಳಿ ಹಚ್ಚವ್ವಾ,” ಎಂದರು ಅವರು. “ಬಾಗಲಾ ತಗದಿಡು. ಬಜಾರದ ಮಂದಿಗೂ ಕೇಳ್ಲಿ.”